ತಾಲ್ಲೂಕು ಕಚೇರಿಯ ಏಳು ನಿಮಿಷ

ಹತ್ತಿ ಗೋದಾಮಿಗೆ ಬೆಂಕಿ ಬಿದ್ದಾಗ ತಾಲ್ಲೂಕಿನಲ್ಲಿ ಏಳು ನಿಂತ ನಿಮಿಷಗಳಷ್ಟೇ ಉಳಿದಿದ್ದವು. ಡಬ್ಬಿಯಲ್ಲಿ ತುಂಬಿ ಬರುತ್ತಿದ್ದ, ಮುಚ್ಚಳ ತೆರೆದವರನ್ನು ಬಿಟ್ಟು ಉಳಿದ ಜಗತ್ತೆಲ್ಲ ನಿಲ್ಲುವ ಈ ನಿಮಿಷಗಳನ್ನು ಸರ್ಕಾರ ಜೀವ ಉಳಿಸಲೆಂದು ಭದ್ರತಾ ಅನುದಾನವಾಗಿ ಕೊಡುತ್ತಿತ್ತು. ಇಲಾಖೆಗಳು ಹಂಚಿಕೊಳ್ಳುತ್ತಿದ್ದವು. ಪೊಲೀಸರ ಪಾಲು ಮಂತ್ರಿಗಳ ದಾರಿಯಲ್ಲಿದ್ದ ತಳ್ಳುಗಾಡಿಗಳನ್ನು ಸರಿಸಲು ಹೋಯಿತು. ಆರೋಗ್ಯ ಇಲಾಖೆಯದು, ತಪಾಸಣೆಯ ದಿನ ಹಾಜರಿ ಪುಸ್ತಕದಲ್ಲಿ ಬಾರದ ದಿನಗಳ ಸಹಿ ತುಂಬಲು. ಅಗ್ನಿಶಾಮಕ ದಳಕ್ಕೆ ಸಿಕ್ಕಿದ್ದ ಮೂರು ನಿಮಿಷ ಶಾಲಾ ಬಸ್ಸಿನ ಬೆಂಕಿಯಲ್ಲಿ ಮುಗಿದಿದ್ದವು.

ಉಳಿದ ಏಳು ತಾಲ್ಲೂಕು ಕಚೇರಿಯ ಪಾಲು. ಅಗ್ನಿಶಾಮಕ ಠಾಣಾಧಿಕಾರಿ ನೀಲವ್ವ ಬಣಕಾರ ಗೋದಾಮಿನ ಎದುರಿಗಿದ್ದ ಆ ಕಚೇರಿಗೆ ಓಡಿದಳು.

"ಶಿರಸ್ತೇದಾರ್ ಸಾಹೇಬ್ರ, ಹಮಾಲ ಹುಸೇನಸಾಬ ಒಳಗ ಸಿಕ್ಕೊಂಡಾನ. ಡಬ್ಬಿ ಕೊಡ್ರಿ!"

"ಕೊಡೂದಿಲ್ಲ ಅಂದ್ನೇನ್ರಿ ಮೇಡಂ?" ಗುರುಪಾದಯ್ಯ ಕನ್ನಡಕ ಒರೆಸಿದ. "ಆದರ ಇಲಾಖೆಯಿಂದ ಇಲಾಖೆಗೆ ಹೋಗಬೇಕಂದ್ರ ಆದೇಶ ಬೇಕಲ್ಲ?"

"ನೀವು ಆದೇಶ ಬರಿಯೂದ್ರಾಗ ಅವ ಬೂದಿ ಆಗ್ತಾನ್ರಿ!"

"ತಡ ಮಾಡೂ ಮನಷ್ಯಾ ಅಲ್ಲ ನಾ," ಎನ್ನುತ್ತ ಅವನು ಬೀರುವಿನಿಂದ ಡಬ್ಬಿ ತೆಗೆದು ಮುಚ್ಚಳ ತಿರುಗಿಸಿದ.

ಮರುಕ್ಷಣವೇ ನೀಲವ್ವನ ಮುಂದೆ ಆದೇಶವಿತ್ತು. ಮೂರು ಪ್ರತಿ, ಮೂರಕ್ಕೂ ಸಹಿ, ದುಂಡು ಮೊಹರು. ಗುರುಪಾದಯ್ಯ ಬೆವರಿದ್ದ.

"ನೋಡ್ರಿ, ಒಂದು ಕ್ಷಣನೂ ತಡ ಆಗಲಿಲ್ಲ. ಏಳೂ ನಿಮಿಷ ನಿಮಗ ಮಂಜೂರ."

ಡಬ್ಬಿ ಖಾಲಿಯಾಗಿತ್ತು.

ನೀಲವ್ವ ಅವನ ಕುರ್ಚಿಯ ಬೆನ್ನಿಗೆ ಹೊದಿಸಿದ್ದ ಟವೆಲ್ಲನ್ನು ಎಳೆದುಕೊಂಡು, ಅವನ ತಂಬಿಗೆಯ ನೀರು ಸುರಿದು, ಮುಖಕ್ಕೆ ಕಟ್ಟಿಕೊಂಡು ಬೆಂಕಿಯತ್ತ ಓಡಿದಳು.

"ಮೇಡಂ!" ಕಿಟಕಿಯಿಂದ ಗುರುಪಾದಯ್ಯ ಕೂಗಿದ. "ಏಳು ನಿಮಿಷ ಮುಟ್ಟಿದ್ದಕ್ಕ ಒಂದು ಸಹಿ ಮಾಡಿ ಹೋಗ್ರಿ!"