ಸುಟ್ಟ ಗುಡ್ಡದ ಅಮ್ಮ

ಕಾಡಿಗೆ ಬೆಂಕಿ ಬಿದ್ದು ಗುಡ್ಡದ ಮುಳ್ಳುಪೊದೆಯೆಲ್ಲ ಸುಟ್ಟುಹೋದ ಮೇಲೆ, ಅದರೊಳಗೆ ಮರೆಯಾಗಿದ್ದ ಪುರಾತನ ಕಲ್ಲುಗೋರಿ ಊರಿಗೆಲ್ಲ ಕಾಣತೊಡಗಿತು. ನಿಧಿಯ ಆಸೆಗೆ ದಿನಾ ಯಾರಾದರೊಬ್ಬರು ಅಗೆಯಲು ಬರುವರು. ಆಗತಾನೆ ಮೊಳೆತ ಹುಲ್ಲನ್ನೂ ತುಳಿದು ಹಾಕುವರು. ಅವರನ್ನು ಅಟ್ಟಿ ಅಟ್ಟಿ ಅರಣ್ಯದ ಕಾವಲುಗಾರ್ತಿ ಪುಟ್ಟತಾಯಮ್ಮ ಸೋತುಹೋಗಿದ್ದಳು.

ಕೊನೆಗೊಂದು ಬೆಳಿಗ್ಗೆ ಗೋರಿಯ ಮುಂದೆ ಗುಂಡುಕಲ್ಲೊಂದನ್ನು ಇಟ್ಟು, ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕೂತಳು.

ಹಾರೆ ಹೊತ್ತು ಬಂದ ಊರಿನವನೊಬ್ಬ ಅದನ್ನು ಕಂಡು ಥಟ್ಟನೆ ನಿಂತ.

“ಇದೇನಕ್ಕ?”

“ಅಮ್ಮ ಕಣಪ್ಪ. ಬೆಂಕೀಲಿ ಎದ್ದು ಬಂದವ್ಳೆ. ಧೈರ್ಯ ಇದ್ರೆ ಅಗಿ.”

ಅವನು ಚಪ್ಪಲಿ ಬಿಟ್ಟು ಕೈಮುಗಿದ. ಬಿಸಿಲಿಗೆ ಬಾಡಿದ್ದ ಅವಳ ಮುಖ ನೋಡಿ, ತಾನು ತಂದಿದ್ದ ಮಜ್ಜಿಗೆಯನ್ನು ಅವಳಿಗೇ ಕೊಟ್ಟು ಇಳಿದುಹೋದ.

ಆಮೇಲೆ ಗುಡ್ಡಕ್ಕೆ ಯಾರೂ ಹತ್ತಲಿಲ್ಲ. ಸುಟ್ಟ ಬುಡಗಳು ಚಿಗುರಿದವು, ಗೌಜಲಹಕ್ಕಿಗಳು ಮರಳಿದವು. ಪುಟ್ಟತಾಯಮ್ಮ ಎಷ್ಟೋ ದಿನದ ಮೇಲೆ ಕಾಲು ಚಾಚಿ ಕೂತಳು.

ಆಗಲೇ ಟ್ರ್ಯಾಕ್ಟರಿನ ಸದ್ದು ಕೇಳಿತು. ಅದೇ ಮನುಷ್ಯ, ಜೊತೆಗೆ ಇಟ್ಟಿಗೆ, ಸಿಮೆಂಟು, ಆಳುಗಳು.

“ಅವತ್ತು ಆಸೆಗೆ ಬಿದ್ದು ಬಂದಿದ್ದೆ ಕಣಕ್ಕ. ತಪ್ಪುಕಾಣಿಕೆ ಅಂತ ಅಮ್ಮಂಗೊಂದು ಗುಡಿ ಕಟ್ಟಿಸ್ತೀನಿ,” ಎಂದ. “ಪಾಯ ಎಲ್ಲಿಂದ ಅಗೀಲಿ, ನೀನೇ ಹೇಳು.”