ಚರ್ಚಿನಲ್ಲಿ ಅಜ್ಜಿಯ ತೆಂಗಿನಕಾಯಿ

ಸದಾಶಿವನಗರದ ಮನೆಯಲ್ಲಿ ಕರೆಂಟು ಹೋಗಿ ತಂಗಿ ಮೇಣದಬತ್ತಿ ಹಚ್ಚಿದರೆ ಸಾಕು, ಅವಳಿನ್ನೂ ಅಮ್ಮನ ಹೊಟ್ಟೆಯಲ್ಲಿದ್ದಾಗಿನ ಒಂದು ಮಧ್ಯಾಹ್ನ ನನ್ನ ಮೂಗಿಗೆ ಬಡಿಯುತ್ತದೆ.

ಕಡಬದಿಂದ ನಾವೆಲ್ಲ ಮೈಸೂರು ನೋಡಲು ಹೋಗಿದ್ದೆವು. ಮೇಣದಬತ್ತಿಯ ವಾಸನೆ ತುಂಬಿದ್ದ ದೊಡ್ಡ ಚರ್ಚಿನೊಳಗೆ ಎಲ್ಲರಿಗಿಂತ ಮೊದಲು ಚಪ್ಪಲಿ ಬಿಟ್ಟವನು ನಾನೇ. ಜಾರಿ ಆಡಲು ಅಷ್ಟು ನುಣುಪಾದ ನೆಲ ನಮ್ಮ ಹೋಬಳಿಯಲ್ಲೇ ಇರಲಿಲ್ಲ. ಅಜ್ಜಿ ಸೆರಗಿನೊಳಗಿಂದ ನಮ್ಮ ತೋಟದ ಕಾಯಿ ತೆಗೆದು ಪಾದ್ರಿಯ ಕೈಗಿಟ್ಟಳು. ಅವರು ನಗುತ್ತ ತೆಗೆದುಕೊಂಡು ಒಳಗೆ ಹೋದರು. ಅಜ್ಜಿ ಬೆಂಚಿನ ಮೇಲೆ ಕೂತವಳು ಏಳಲೇ ಇಲ್ಲ.

“ನಡಿಯವ್ವ, ಹೊತ್ತಾಯ್ತು,” ಎಂದರು ಅಪ್ಪ.

“ಇರ್ಲಾ, ಕಾಯಿ ಒಡ್ದು ಅರ್ಧ ಹೋಳು ಕೊಡ್ಲಿ. ಇವನಾದ್ಮೇಲೆ ಎರಡು ಕೂಸು ಹೋದ್ವು. ಇದಾದ್ರೂ ಉಳೀಬೇಕು. ದೇವ್ರು ಹೋಳು ಕೊಡ್ದೆ ಹೆಂಗ್ಲಾ ಏಳಾದು?”

ಅಮ್ಮ ತಲೆ ತಗ್ಗಿಸಿದಳು. ಇಂಥ ಕೆಲಸಕ್ಕೆ ನನ್ನನ್ನು ಬಿಟ್ಟರೆ ಇನ್ನಾರಿದ್ದರು? ಒಳಗೆ ನುಗ್ಗಿದೆ.

“ಪೂಜಾರಪ್ನೋರೇ, ಕಾಯಿ ಒಡ್ದು ಅರ್ಧ ವಾಪಸ್ ಕೊಡಿ. ಇಲ್ದಿದ್ರೆ ನಮ್ಮಜ್ಜಿ ಇಲ್ಲೇ ಮಲಗ್ತಾಳೆ, ಗೊರಕೆ ಬೇರೆ ಹೊಡೀತಾಳೆ!”

ಪಾದ್ರಿ ಹೊಟ್ಟೆ ಹಿಡಿದು ನಕ್ಕರು. ಹೊರಗಿನ ಮೆಟ್ಟಿಲಿಗೆ ತಾವೇ ಕಾಯಿ ಒಡೆದು, ಒಂದು ಹೋಳನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅಜ್ಜಿಗೆ ಕೊಟ್ಟರು. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು.

ನಾನು ಕೈ ಚಾಚಿದೆ. “ನಂದೇ ಸಂಪಾದ್ನೆ ಕಣಜ್ಜಿ!”

“ತೆಗಿಯೋ ಕೈಯ,” ಎಂದು ಗದರಿದ ಅಜ್ಜಿ ಇಡೀ ಹೋಳನ್ನು ಅಮ್ಮನ ಮಡಿಲಿಗೆ ಹಾಕಿದಳು. ಅಮ್ಮ ನನಗೊಂದು ಚೂರೂ ಉಳಿಸದೆ, ಅಳುತ್ತಲೇ ಅಷ್ಟನ್ನೂ ತಿಂದಳು.