ಸ್ವೀಡನ್ನಿಗೆ ಹೋದ ಗಲ್ಲ

ಪೋಸ್ಟಮನ್ ಹೊಳೆಪ್ಪ ಕಾರ್ಡನ್ನು ಮೂರು ಸಲ ತಿರುಗಿಸಿ ನೋಡಿ, ಕಡೆಗೆ ಘೋಡಗೇರಿ ದವಾಖಾನೆಯ ನರ್ಸು ಪದ್ಮವ್ವನ ಕೈಗೆ ಕೊಟ್ಟ. ಪರದೇಶದ ಸ್ಟಾಂಪು, ಇಂಗ್ಲಿಷ್ ಬರಹ. ಪದ್ಮವ್ವ ಅಕ್ಷರ ಕೂಡಿಸಿ ಕೂಡಿಸಿ ವಿಳಾಸವನ್ನಷ್ಟೇ ಓದಿದಳು: ಡಾಕ್ಟರ್ ಪದ್ಮವ್ವ, ಘೋಡಗೇರಿ, ಹುಕ್ಕೇರಿ ತಾಲೂಕು. ಹೆಸರಿನ ಮೊದಲಿದ್ದ ‘ಡಾಕ್ಟರ್’ ಕಂಡು ಹೆದರಿದಳು. ನರ್ಸು ಡಾಕ್ಟರೆಂದು ಹೇಳಿಕೊಂಡು ತಿರುಗುತ್ತಾಳೆಂದು ಯಾರೋ ಅರ್ಜಿ ಹಾಕಿರಬೇಕು; ಹದಿನೆಂಟು ವರ್ಷದ ನೌಕರಿ ಇವತ್ತಿಗೆ ಮುಗಿಯಿತು ಎಂದುಕೊಂಡಳು.

ಪುಣ್ಯಕ್ಕೆ ಅದೇ ದಿನ ಹನ್ನೊಂದರ ಬಸ್ಸಿಗೆ ಡಾಕ್ಟರ್ ಮುರಿಗೆಪ್ಪ ಬಂದಿಳಿದ. ಹತ್ತಿರದ ಮೇಲವಂಕಿ ಊರಿನವನು, ಮುಂಬಯಿಯಲ್ಲಿ ಕ್ಯಾನ್ಸರ್ ಸಂಶೋಧನೆ ಮಾಡುತ್ತಿದ್ದ. ಆರು ವರ್ಷದ ಹಿಂದೆ ರಜೆಯಲ್ಲಿ ಬಂದಾಗ, ಬಾಯಲ್ಲಿ ತಂಬಾಕು ಇಟ್ಟುಕೊಳ್ಳುವ ಹೆಂಗಸರನ್ನು ಕಂಡು, ಯಾರು ಯಾವ ಗಲ್ಲದಲ್ಲಿ ಇಡುತ್ತಾರೆ, ಹುಣ್ಣು ಎಲ್ಲಿ ಏಳುತ್ತದೆ, ಬರೆದಿಡಲಾದೀತೇ ಎಂದು ಪದ್ಮವ್ವನನ್ನು ಕೇಳಿದ್ದ. ಅವಳು ಅವತ್ತಿನಿಂದ ಜ್ವರಕ್ಕೆ ಬಂದವರನ್ನೂ ಕೂಸಿಗೆ ಔಷಧ ಕೇಳಲು ಬಂದವರನ್ನೂ ಬಿಡದೆ, ಬೆಳಕಿಗೆ ಕೂರಿಸಿ ಬಾಯಿ ನೋಡಿ, ಬರೆದಿಟ್ಟು, ಮುರಿಗೆಪ್ಪನಿಗೆ ಕಳಿಸಿದ್ದಳು. ಮುನ್ನೂರಕ್ಕೂ ಹೆಚ್ಚು ಹೆಂಗಸರು. ಹುಣ್ಣು ಸಿಕ್ಕಿದ್ದು ನಲವತ್ತೊಂದು ಮಂದಿಗೆ. ಅವರಲ್ಲಿ ಮೂವರನ್ನು ಬಿಟ್ಟು ಉಳಿದವರಿಗೆಲ್ಲ ತಂಬಾಕು ಕೂತ ಗಲ್ಲದಲ್ಲೇ ಹುಣ್ಣು.

ಕಾರ್ಡು ಓದಿ ಮುರಿಗೆಪ್ಪ ನಗತೊಡಗಿದ. “ಹೆದರಬ್ಯಾಡ್ರಿ ಪದ್ಮಕ್ಕಾರ. ಸ್ವೀಡನ್ ದೇಶದ ಹಲ್ಲಿನ ಡಾಕ್ಟರ್ ಅದಾನ. ನಮ್ಮ ಲೇಖನದ್ದೊಂದು ಪ್ರತಿ ಕಳಸ್ರಿ ಅಂತ ಕೇಳ್ಯಾನ.”

“ನಮ್ಮ ಅಂದ್ರ ಯಾರ್‍ದ್ರಿ?”

ಅವನು ಚೀಲದಿಂದ ತೆಳ್ಳನೆಯ ಅಚ್ಚಿನ ಹಾಳೆಗಳನ್ನು ತೆಗೆದು ತೋರಿಸಿದ. ಶೀರ್ಷಿಕೆಯ ಕೆಳಗೆ ಎರಡು ಹೆಸರು, ಮೊದಲನೆಯದು ಅವಳದು, ಊರಿನ ಹೆಸರಿನ ಸಮೇತ. ಮುಂಬಯಿಯ ಹಿರಿಯರು ನರ್ಸಿನ ಹೆಸರು ಯಾಕೆ, ಅದೂ ಮೊದಲು ಯಾಕೆ ಎಂದು ಎರಡು ತಿಂಗಳು ತಕರಾರು ತೆಗೆದಿದ್ದರಂತೆ. ಹಾಗಾದರೆ ನನ್ನದನ್ನೂ ತೆಗೆಯಿರಿ ಎಂದು ಇವನು ಹಟ ಹಿಡಿದು ಕೂತ ಮೇಲೆ ಎರಡೂ ಉಳಿದವಂತೆ. ಇಂಥದ್ದನ್ನು ಬರೆದವರೆಲ್ಲ ಡಾಕ್ಟರೇ ಎಂದು ಹೊರದೇಶದವರು ತಿಳಿದುಕೊಳ್ಳುತ್ತಾರೆ, ಅದರಲ್ಲಿ ನಿಮ್ಮ ತಪ್ಪೇನಿಲ್ಲ ಎಂದ.

“ಇದಕ್ಕೂ ಮೊದಲ ನಾ ಹನ್ನೊಂದು ಲೇಖನ ಬರದೇನ್ರಿ. ಇಲಿ ಕೊಯ್ದು ಬರದದ್ದು, ರಕ್ತ ನೋಡಿ ಬರದದ್ದು. ಹನ್ನೊಂದಕ್ಕೂ ಕೂಡಿ, ಪ್ರತಿ ಕೇಳಿ ಮೂರು ಕಾರ್ಡ ಬಂದಿದ್ದವು. ಇದೊಂದಕ್ಕ ಮುಂಬೈಗೇ ಅರವತ್ತರ ಮ್ಯಾಲ ಬಂದಾವು.”

ಪದ್ಮವ್ವನಿಗೆ ಹೋದ ಜೀವ ಬಂದಂತಾಯಿತು. ತನಗೆ ಅರ್ಥವಾಗದ ಆ ಪುಟಗಳನ್ನು ಒಂದೊಂದಾಗಿ ಮಗುಚಿ ನೋಡಿದಳು. ಆಮೇಲೆ ಕೇಳಿದಳು: “ಸ್ವೀಡನ್ನಿನವ್ರು ಓದ್ಯಾರ, ಛಲೋ ಆತು. ಘೋಡಗೇರ್‍ಯಾಗ ಯಾರ ಓದ್ಯಾರ್ರಿ?”

ಮುರಿಗೆಪ್ಪ ಕನ್ನಡಕ ತೆಗೆದು ಒರೆಸುತ್ತ ಕೂತ. ಅವನು ಒರೆಸಿ ಮುಗಿಸುವಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿದ್ದಳು.

ಇಬ್ಬರೂ ಹೋದಾಗ, ತಂಬಾಕು ಕೂಡಿಡುವ ವಖಾರಿಯಲ್ಲಿ ಎಲೆ ಬಿಡಿಸುವ ಹೆಂಗಸರು ಅಂಗಳದಲ್ಲಿ ಮಧ್ಯಾಹ್ನದ ರೊಟ್ಟಿಗಂಟು ಬಿಚ್ಚಿಕೊಂಡಿದ್ದರು. ಮುರಿಗೆಪ್ಪ ಅವರ ನಡುವೆ ಕುಕ್ಕರುಗಾಲಲ್ಲಿ ಕೂತು ಲೇಖನವನ್ನು ಕನ್ನಡ ಮಾಡಿ ಹೇಳತೊಡಗಿದ. ಅದರಲ್ಲಿ ಹೆಸರುಗಳಿರಲಿಲ್ಲ, ನಂಬರುಗಳಷ್ಟೇ. ಹದಿನೇಳನೆಯ ಹೆಂಗಸು, ವಯಸ್ಸು ನಲವತ್ತೈದು. ತಂಬಾಕು ಬಲಗಲ್ಲದಲ್ಲಿ, ಹುಣ್ಣೂ ಬಲಗಲ್ಲದಲ್ಲಿ. ಬೇಗ ಗೊತ್ತಾದ್ದರಿಂದ ಮುಂಬಯಿಯಲ್ಲಿ ಕೊಯ್ದು ತೆಗೆದಿದ್ದಾರೆ, ಆರಾಮಾಗಿದ್ದಾಳೆ ಎಂದು ಅವನು ಹೇಳುತ್ತಲೇ, ಆ ಹೆಂಗಸರಲ್ಲೊಬ್ಬಳಾದ ಕಾಶೆವ್ವ ರೊಟ್ಟಿ ಕೆಳಗಿಟ್ಟಳು.

“ಅಕಿ ನಾನರಿ. ನಾ ಮುಂಬೈ ದಾಟಿಲ್ಲ, ನನ್ನ ಗಲ್ಲ ಸ್ವೀಡನ್ ತನಕಾ ಹೋಗಿ ಬಂತ ನೋಡ್ರಿ.”

ಅಂಗಳವೆಲ್ಲ ನಗೆಯಾಯಿತು. ಎಲ್ಲರಿಗಿಂತ ಹಿರಿಯಳಾದ ಶೆಟ್ಟೆವ್ವ ಮಾತ್ರ ನಗದೆ, ಎಡಗಲ್ಲದ ತಂಬಾಕನ್ನು ನಾಲಿಗೆಯಿಂದ ಸರಿಪಡಿಸಿಕೊಳ್ಳುತ್ತ ಏನೋ ಲೆಕ್ಕ ಹಾಕುತ್ತಿದ್ದಳು.

“ಅಂದ್ರ ಇಟ್ಟ ಬಾಜೂಕಷ್ಟ ಹುಣ್ಣ ಆಗತೈತಿ. ಹಂಗಾರ ನಾಳಿಂದ ನಾ ಬಲಕ್ಕ ಇಡತೇನಿ ಬಿಡ್ರಿ. ಎಡಕ್ಕ ಇಟ್ಟ ನಲವತ್ತ ವರ್ಷ ಆತು.”

ನಗೆ ಇಮ್ಮಡಿಯಾಯಿತು. ಮುರಿಗೆಪ್ಪ ಕೈಯಲ್ಲಿದ್ದ ಹಾಳೆಗಳನ್ನು ಹಿಂದೆ ಮುಂದೆ ತಿರುವತೊಡಗಿದ.

ಕಾಶೆವ್ವ ಎದ್ದು ಬಂದು ಶೆಟ್ಟೆವ್ವನ ಬಗಲಿಗೆ ಕೂತಳು. ಅವಳ ತೋರುಬೆರಳನ್ನು ಹಿಡಿದು, ತನ್ನ ಬಲಗಲ್ಲದಲ್ಲಿ ಮಾಂಸ ಹೋಗಿ ಗುಳಿಬಿದ್ದ ಜಾಗದ ಮೇಲೆ ಒತ್ತಿ ಇಟ್ಟುಕೊಂಡಳು. “ಇಲ್ಲೆ ನನಗ ರೊಟ್ಟಿ ನಿಲ್ಲೂದಿಲ್ಲ ಯವ್ವಾ. ನರ್ಸಬಾಯಿ ಒಂದ ತಿಂಗಳ ತಡಾ ಮಾಡಿ ನೋಡಿದ್ರ, ನಾನೂ ನಿಲ್ಲತಿದ್ದಿಲ್ಲ.”

ಶೆಟ್ಟೆವ್ವ ಆ ಗುಳಿಯ ಸುತ್ತ ಬೆರಳಾಡಿಸಿ ನೋಡಿದಳು. ಆಮೇಲೆ ಮಂಡಿಗೆ ಕೈಯೂರಿ ಎದ್ದು, ನೀರಿನ ಹರವಿಯ ಹತ್ತಿರ ಹೋಗಿ, ತಂಬಾಕು ಉಗುಳಿ, ಒಂದೇ ತಂಬಿಗೆ ನೀರಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿದಳು. ಬಂದು ಪದ್ಮವ್ವನ ಮುಂದೆ ಬಿಸಿಲಿಗೆ ಮುಖ ಮಾಡಿ ಕೂತು, ಜಗಳದಲ್ಲೂ ಯಾವತ್ತೂ ತೆರೆಯದಷ್ಟು ಅಗಲವಾಗಿ ಬಾಯಿ ತೆರೆದಳು. ಹಿಂದೆ ಹರವಿಯ ಹತ್ತಿರ, ತಾವೂ ಬಾಯಿ ಮುಕ್ಕಳಿಸಲು ಇದ್ದೊಂದು ತಂಬಿಗೆಗೆ ಐದಾರು ಕೈಗಳು ಜಗ್ಗಾಡತೊಡಗಿದ್ದವು.